ತಾರಸಿಯ ಮೇಲೆ ಐದು ಎಲಿಮೆಂಟಿನ ಯಾಗಿ ಏರಿಸಬಹುದೇ?

ಪ್ರಶ್ನೆ: ನಾನು ತುಮಕೂರಿನವನು. ಹವ್ಯಾಸಿ ರೇಡಿಯೊದ ಜನರಲ್ ದರ್ಜೆಯ ಲೈಸೆನ್ಸ್ ಇದೆ. ಈವರೆಗೆ ತಂತಿಯ ಡೈಪೋಲ್‌ನಲ್ಲೇ (ನಡುವೆ ಕೇಬಲ್ ಜೋಡಿಸಿದ ಒಂದೇ ತಂತಿಯ ಆಂಟೆನಾ) 20 ಮೀಟರ್ ಬ್ಯಾಂಡಿನಲ್ಲಿ (14 ಮೆಗಾಹರ್ಟ್ಸ್ ಆಸುಪಾಸು) ಮಾತನಾಡುತ್ತಿದ್ದೇನೆ. ಈಗ ಅದೇ ಬ್ಯಾಂಡಿಗೆ 14 ಮೀಟರ್ ಬೂಮಿನ (ನಡುದಂಡದ) ಐದು ಎಲಿಮೆಂಟುಗಳ (ಅಡ್ಡಪೈಪುಗಳ) ಯಾಗಿಯನ್ನು, ಅಂದರೆ ಒಂದೇ ದಿಕ್ಕಿಗೆ ಸಂಕೇತ ಸೂಸುವ ಆಂಟೆನಾವನ್ನು, ಸ್ವತಃ ಕಟ್ಟಿ, ಒಂದಂತಸ್ತಿನ ಮನೆಯ ತಾರಸಿಯಲ್ಲಿ ಎರಡಿಂಚಿನ ಜಿಐ ಪೈಪಿನ ಮೇಲೆ ಏರಿಸಬೇಕೆಂದಿದ್ದೇನೆ. ನೆಲದಿಂದ ಒಟ್ಟು 9 ಮೀಟರ್ ಎತ್ತರ ಸಿಗುತ್ತದೆ. ಗುಬ್ಬಿಯ ಬಳಿ ನಮ್ಮದೊಂದು ತೆಂಗಿನ ತೋಟವಿದೆ. ವಾರಕ್ಕೊಮ್ಮೆ ಹೋಗಿ ಬರುತ್ತೇನೆ. ಸ್ಥಳೀಯವಾಗಿ ಸಿಗುವ ಅಲ್ಯೂಮಿನಿಯಂ ಪೈಪು ಈ ಕೆಲಸಕ್ಕೆ ಆಗುತ್ತದೆಯೇ? ಅಳತೆಗಳನ್ನು ಹೇಗೆ ನಿರ್ಧರಿಸಬೇಕು? ತಿರುಗಿಸಲು ಮೋಟಾರು ಬೇಕೇ ಬೇಕೆ?

ಉತ್ತರ: ಆ ಆಂಟೆನಾ ಆ ತಾರಸಿಗೆ ಬೇಡ. ಮೂರು ಎಲಿಮೆಂಟುಗಳ ಯಾಗಿಯನ್ನು ತೋಟದಲ್ಲಿ 18 ಮೀಟರ್ ಎತ್ತರಕ್ಕೆ ಏರಿಸುವುದು ನನ್ನ ಮೊದಲ ಸಲಹೆ. ಅಷ್ಟು ಖರ್ಚನ್ನು ಈಗಲೇ ಮಾಡಲು ಮನಸ್ಸಿಲ್ಲದಿದ್ದರೆ, ತೆಂಗಿನ ಮರಗಳ ನಡುವೆ ಎರಡು ತಂತಿಗಳನ್ನು ಕಟ್ಟುವುದು ಎರಡನೆಯ ಸಲಹೆ. ಈ ಎರಡನೆಯದನ್ನು ನಿಮ್ಮ ಸಮಾಧಾನಕ್ಕಾಗಿ ಹೇಳುತ್ತಿಲ್ಲ. ತಾರಸಿಯ ಮೇಲಿನ ಐದು ಎಲಿಮೆಂಟುಗಳಿಗೆ ಅದು ಸರಿಸಮನಾಗಿ ನಿಲ್ಲುತ್ತದೆ ಎಂಬುದನ್ನು ಮುಂದೆ ಲೆಕ್ಕ ಹಾಕಿಯೇ ತೋರಿಸುತ್ತೇನೆ.

ಹ್ಯಾಮ್‌ಗಳ, ಅಂದರೆ ಹವ್ಯಾಸಿ ರೇಡಿಯೊದವರ, ನಡುವೆ ಆಂಟೆನಾದ ಮಾತು ಬಂದರೆ ‘ಎಷ್ಟು ಎಲಿಮೆಂಟು?’ ಎಂಬುದೇ ಮೊದಲ ಪ್ರಶ್ನೆ. ಆದರೆ ಯಾಗಿಯ ಗೇನ್, ಅಂದರೆ ಸಂಕೇತವನ್ನು ಒಂದು ದಿಕ್ಕಿಗೆ ಒಟ್ಟುಗೂಡಿಸುವ ಶಕ್ತಿ, ಮುಖ್ಯವಾಗಿ ನಿರ್ಧಾರವಾಗುವುದು ಬೂಮಿನ ಉದ್ದದಿಂದ. ಎಲಿಮೆಂಟುಗಳು ಆ ಉದ್ದವನ್ನು ಸರಿಯಾಗಿ ತುಂಬುವಷ್ಟು ಇದ್ದರೆ ಸಾಕು. 7.3 ಮೀಟರ್ ಬೂಮಿನ ಮೇಲೆ ಚೆನ್ನಾಗಿ ಹೊಂದಿಸಿದ ಮೂರು ಎಲಿಮೆಂಟುಗಳು, ನೆಲದ ಪ್ರಭಾವವನ್ನು ಬಿಟ್ಟು ಲೆಕ್ಕ ಹಾಕಿದರೆ, ಸುಮಾರು 8 ಡಿಬಿಐ (ಎಲ್ಲ ದಿಕ್ಕಿಗೂ ಸಮನಾಗಿ ಸೂಸುವ ಕಾಲ್ಪನಿಕ ಆಂಟೆನಾಕ್ಕೆ ಹೋಲಿಸಿದ ಡೆಸಿಬೆಲ್) ಗೇನ್ ಕೊಡುತ್ತವೆ. ಬೂಮನ್ನು 14 ಮೀಟರಿಗೆ ಬೆಳೆಸಿ ಐದು ಎಲಿಮೆಂಟು ಕೂರಿಸಿದರೆ ಅದು ಸುಮಾರು 10 ಡಿಬಿಐ ಆಗುತ್ತದೆ. ಅಲ್ಯೂಮಿನಿಯಂ, ತೂಕ, ಗಾಳಿಗೆ ಒಡ್ಡುವ ಮೈ ಎಲ್ಲವೂ ಇಮ್ಮಡಿಯ ಹತ್ತಿರ ಹೋಗಿ ದಕ್ಕುವುದು 2 ಡೆಸಿಬೆಲ್. ರೇಡಿಯೊದಲ್ಲಿ ಸಂಕೇತದ ಬಲ ತೋರಿಸುವ ಎಸ್ ಮೀಟರಿನ ಒಂದು ಯೂನಿಟ್ಟಿಗೆ 6 ಡೆಸಿಬೆಲ್ ಎಂಬ ರೂಢಿಯ ಲೆಕ್ಕ ಹಿಡಿದರೆ, ಇದು ಅದರ ಮೂರನೆಯ ಒಂದು ಭಾಗ.

ಇನ್ನು ಎತ್ತರದ ಕಡೆ ನೋಡೋಣ. ನೆಲಕ್ಕೆ ಸಮಾನಾಂತರವಾಗಿರುವ ಆಂಟೆನಾದಿಂದ ನೇರವಾಗಿ ಹೊರಟ ಅಲೆಯೂ ನೆಲಕ್ಕೆ ಬಡಿದು ಪ್ರತಿಫಲಿಸಿದ ಅಲೆಯೂ ದೂರದಲ್ಲಿ ಒಂದಾಗುತ್ತವೆ. ಅವೆರಡೂ ಪೂರ್ತಿಯಾಗಿ ಕೂಡಿಕೊಳ್ಳುವ ಮೊದಲ ಕೋನ ಎಷ್ಟೆಂಬುದನ್ನು ಎತ್ತರವೇ ನಿರ್ಧರಿಸುತ್ತದೆ: ತರಂಗಾಂತರವನ್ನು ಎತ್ತರದ ನಾಲ್ಕರಷ್ಟರಿಂದ ಭಾಗಿಸಿದರೆ ಆ ಕೋನದ ಸೈನ್ ಬೆಲೆ ಬರುತ್ತದೆ. 14.15 ಮೆಗಾಹರ್ಟ್ಸ್‌ನಲ್ಲಿ ತರಂಗಾಂತರ 21.2 ಮೀಟರ್. ಆದ್ದರಿಂದ 9 ಮೀಟರ್ ಎತ್ತರದಲ್ಲಿ ನಿಮ್ಮ ಶಕ್ತಿಯ ಬಹುಪಾಲು ದಿಗಂತದಿಂದ 36 ಡಿಗ್ರಿ ಮೇಲಕ್ಕೆ ಹೋಗುತ್ತದೆ. 18 ಮೀಟರಿನಲ್ಲಾದರೆ 17 ಡಿಗ್ರಿಗೆ ಇಳಿಯುತ್ತದೆ. ಯುರೋಪು, ಅಮೆರಿಕಗಳಂಥ ದೂರದ ನಿಲ್ದಾಣಗಳ ಸಂಕೇತಗಳು ಹೆಚ್ಚಾಗಿ ಬಂದು ಹೋಗುವುದು 10 ಡಿಗ್ರಿಯ ಆಸುಪಾಸಿನ ತಗ್ಗು ಕೋನಗಳಲ್ಲಿ. ಆ 10 ಡಿಗ್ರಿಯಲ್ಲೇ ಅಳೆದು ನೋಡಿದರೆ, 9 ಮೀಟರಿನಲ್ಲಿರುವ ಆಂಟೆನಾವನ್ನು 12 ಮೀಟರಿಗೆ ಏರಿಸಿದಾಗ 2.2 ಡೆಸಿಬೆಲ್, 15 ಮೀಟರಿಗೆ ಏರಿಸಿದಾಗ 3.9 ಡೆಸಿಬೆಲ್, 18 ಮೀಟರಿಗೆ ಏರಿಸಿದಾಗ 5 ಡೆಸಿಬೆಲ್ ಲಾಭವಿದೆ. ಬೂಮನ್ನು ಇಮ್ಮಡಿಗೊಳಿಸಿ ಪಡೆಯುವ ಲಾಭವನ್ನು ಕೇವಲ 3 ಮೀಟರ್ ಹೆಚ್ಚುವರಿ ಎತ್ತರ ತಂದುಕೊಡುತ್ತದೆ.

ಈ ಅಂಕಿಗಳು ಸಮತಟ್ಟಾದ ನೆಲಕ್ಕೆ ಅನ್ವಯಿಸುವಂಥವು. ಸಂಕೇತ ಹೋಗಬೇಕಾದ ದಿಕ್ಕಿಗೆ ನೆಲ ಇಳಿಜಾರಾಗಿದ್ದರೆ ಕೋನ ಇನ್ನಷ್ಟು ತಗ್ಗುತ್ತದೆ, ಹಾಗಾಗಿ ತೋಟದಲ್ಲಿ ವಾಯವ್ಯಕ್ಕೆ (ಯುರೋಪು, ಅಮೆರಿಕಗಳ ದಾರಿ ಆ ಕಡೆಗೇ) ಇಳಿಯುವ ಮೂಲೆ ಇದ್ದರೆ ಅದನ್ನೇ ಆರಿಸಿಕೊಳ್ಳಿ. ನಮ್ಮ ಕಡೆಯ ಒಣ ಕೆಮ್ಮಣ್ಣು ಆಂಟೆನಾಕ್ಕೆ ಒಳ್ಳೆಯದಲ್ಲ ಎಂಬ ಮಾತು ನೆಟ್ಟಗೆ ನಿಲ್ಲಿಸುವ ವರ್ಟಿಕಲ್ ಆಂಟೆನಾಗಳಿಗೆ ನಿಜ. ಯಾಗಿಯನ್ನು ಅಡ್ಡಲಾಗಿ ಕೂರಿಸುವಾಗ ಮಣ್ಣಿನ ಗುಣ ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲ. ಊರೊಳಗಿನ ಎಲ್‌ಇಡಿ ದೀಪ, ಇನ್ವರ್ಟರುಗಳ ಗೊರಗೊರ ತೋಟದಲ್ಲಿ ಕಡಿಮೆ ಎಂಬುದನ್ನೂ ಮರೆಯಬೇಡಿ; ಕೇಳಿಸದ ನಿಲ್ದಾಣಕ್ಕೆ ಉತ್ತರಿಸಲು ಯಾವ ಗೇನ್ ಇದ್ದರೂ ಆಗದು.

ತಾರಸಿ ಬೇಡವೆನ್ನಲು ಎತ್ತರಕ್ಕಿಂತ ದೊಡ್ಡ ಕಾರಣ ಗಾಳಿ. ಕಟ್ಟಡಗಳ ಮೇಲಿನ ಗಾಳಿಯ ಒತ್ತಡಕ್ಕೆ ಸಂಬಂಧಿಸಿದ ಭಾರತೀಯ ಮಾನಕ ಐಎಸ್ 875ರ ಮೂರನೆಯ ಭಾಗ ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್ ಮೂಲ ಗಾಳಿವೇಗವನ್ನು ಕೊಟ್ಟಿದೆ. ಗಂಟೆಗೆ ಸುಮಾರು 119 ಕಿಲೋಮೀಟರ್ ಆಗುವ ಈ ವೇಗವನ್ನೇ ತುಮಕೂರಿಗೂ ಹಿಡಿದು ಲೆಕ್ಕ ಮಾಡೋಣ. ಆ ವೇಗದಲ್ಲಿ ಗಾಳಿಯ ಒತ್ತಡ ಚದರ ಮೀಟರಿಗೆ ಸುಮಾರು 650 ನ್ಯೂಟನ್, ಅಂದರೆ 67 ಕಿಲೋಗ್ರಾಂ ಭಾರದಷ್ಟು. ಸರಾಸರಿ 25 ಮಿಲಿಮೀಟರ್ ದಪ್ಪದ, ಹತ್ತೂವರೆ ಮೀಟರ್ ಉದ್ದದ ಮೂರು ಎಲಿಮೆಂಟುಗಳು ಗಾಳಿಗೆ ಒಡ್ಡುವ ಮೈ 0.79 ಚದರ ಮೀಟರ್. ಉರುಟು ಪೈಪಿನ ಎಳೆತದ ಗುಣಾಂಕ 1.2 ಸೇರಿಸಿದರೆ ಪೈಪಿನ ತುದಿಯ ಮೇಲೆ ಬೀಳುವ ಬಲ ಸುಮಾರು 63 ಕಿಲೋಗ್ರಾಂ. ಗೈ ತಂತಿಯಿಲ್ಲದೆ (ಕಂಬವನ್ನು ಬದಿಗಳಿಂದ ಬಿಗಿದು ಹಿಡಿಯುವ ತಂತಿ) 6 ಮೀಟರ್ ಮೇಲೆದ್ದ ಪೈಪಿನ ಬುಡದಲ್ಲಿ ಅದು 380 ಕಿಲೋಗ್ರಾಂ-ಮೀಟರ್‌ನಷ್ಟು ಬಾಗಿಸುವ ಬಲವಾಗುತ್ತದೆ. ಕೆಂಪು ಪಟ್ಟಿಯ ಸಿ ಕ್ಲಾಸ್ ಎರಡಿಂಚಿನ ಪೈಪು, ಅಂಗಡಿಯಲ್ಲಿ ಸಿಗುವುದರಲ್ಲೇ ಗಟ್ಟಿಯಾದದ್ದು, ಸುಮಾರು 250ರ ಹೊತ್ತಿಗೆ ಶಾಶ್ವತವಾಗಿ ಬಾಗಲಾರಂಭಿಸುತ್ತದೆ. ಮೂರು ಎಲಿಮೆಂಟಿಗೇ ಸೋಲುವ ಪೈಪಿನ ಮೇಲೆ ಐದನ್ನು ಹೊರಿಸಿದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಗೈ ತಂತಿ ಕಟ್ಟುತ್ತೇನೆ ಎನ್ನಬಹುದು. ಆದರೆ ಐದನೆಯ ಎಲಿಮೆಂಟಿನವರೆಗೆ 14 ಮೀಟರ್ ಉದ್ದದ ಬೂಮು ತಿರುಗುವಾಗ ಅದರ ತುದಿ ಪಕ್ಕದ ಮನೆಯವರ ನೀರಿನ ಟ್ಯಾಂಕಿನ ಮೇಲೆ ಹಾದುಹೋಗುತ್ತದೆ, ಪ್ಯಾರಪೆಟ್ ಗೋಡೆಗೆ ಬಿಗಿದ ಕೊಂಡಿ ಗೋಡೆಯ ಇಟ್ಟಿಗೆಯನ್ನೇ ಕಿತ್ತುಕೊಂಡು ಬರುತ್ತದೆ. ತಾರಸಿಯಲ್ಲಿ ಏನನ್ನಾದರೂ ನಿಲ್ಲಿಸಲೇಬೇಕೆಂದರೆ ಭಾರ ಕಾಲಂ ಇರುವ ಜಾಗಕ್ಕೆ ಇಳಿಯಬೇಕೇ ಹೊರತು ಬರಿಯ ಚಾವಣಿಗಲ್ಲ.

ಈಗ ತೆಂಗಿನ ಮರಗಳ ವಿಷಯ. ಇದಕ್ಕೆ ಮೊದಲು ದಿಕ್ಕುಗಳನ್ನು ನೋಡಬೇಕು, ಏಕೆಂದರೆ ಮೋಟಾರಿನ ಪ್ರಶ್ನೆಗೂ ಉತ್ತರ ಅಲ್ಲೇ ಇದೆ. ಭೂಗೋಳದ ಮೇಲಿನ ಹತ್ತಿರದ ದಾರಿಯಲ್ಲಿ ನಮ್ಮ ಭಾಗದಿಂದ ಲಂಡನ್, ಉತ್ತರವನ್ನು 0 ಎಂದು ಹಿಡಿದು ಪೂರ್ವದ ಕಡೆಗೆ ಎಣಿಸಿದಾಗ, ಸುಮಾರು 320 ಡಿಗ್ರಿಯಲ್ಲಿದೆ, ನ್ಯೂಯಾರ್ಕ್ 335ರಲ್ಲಿದೆ, ಲಾಸ್ ಏಂಜಲೀಸ್ 17ರಲ್ಲಿದೆ. ಟೋಕಿಯೊ 56, ಸಿಡ್ನಿ 127. ಸಣ್ಣ ಯಾಗಿಯ ಕಿರಣದ ಅಗಲ 60 ಡಿಗ್ರಿಗೂ ತುಸು ಹೆಚ್ಚೇ ಇರುವುದರಿಂದ, 330 ಡಿಗ್ರಿಗೆ ಮುಖಮಾಡಿ ಸ್ಥಿರವಾಗಿ ನಿಲ್ಲಿಸಿದ ಆಂಟೆನಾ ಯುರೋಪಿನ ಬಹುಭಾಗವನ್ನೂ ಅಮೆರಿಕದ ಪೂರ್ವ ಕರಾವಳಿಯನ್ನೂ ಒಟ್ಟಿಗೆ ಹಿಡಿಯುತ್ತದೆ. ತುಮಕೂರಿನ ಹ್ಯಾಮ್‌ಗೆ ಭೂಗೋಳ ಕೊಟ್ಟಿರುವ ಅನುಕೂಲ ಇದು. ಜರ್ಮನಿಯಲ್ಲಿರುವವನಿಗೆ ನ್ಯೂಯಾರ್ಕ್ ಒಂದು ಕಡೆ, ಬೆಂಗಳೂರು ಇನ್ನೊಂದು ಕಡೆ. ಅವನಿಗೆ ಮೋಟಾರು ಬೇಕು.

330 ಡಿಗ್ರಿಗೆ ಮುಖ ಮಾಡಬೇಕಾದರೆ ತಂತಿಗಳು ಅದಕ್ಕೆ ಅಡ್ಡವಾಗಿ, 60 ಮತ್ತು 240 ಡಿಗ್ರಿಯ ಗೆರೆಯಲ್ಲಿ ಚಾಚಬೇಕು. ಮುಂದಿನ ತಂತಿ 10.1 ಮೀಟರ್, ಅದಕ್ಕೆ ಕೇಬಲ್ ಜೋಡಣೆ, 2.7 ಮೀಟರ್ ಹಿಂದೆ, ಕೇಬಲ್ ಇಲ್ಲದೆಯೇ ಸಂಕೇತವನ್ನು ಮುಂದಕ್ಕೆ ತಳ್ಳುವ ರಿಫ್ಲೆಕ್ಟರ್ ತಂತಿ, 10.6 ಮೀಟರ್. ಪ್ಲಾಸ್ಟಿಕ್ ಹೊದಿಕೆಯ ತಂತಿಯಾದರೆ ಎರಡನ್ನೂ ನೂರಕ್ಕೆ ಎರಡು ಮೂರರಷ್ಟು ಗಿಡ್ಡ ಮಾಡಬೇಕಾಗುತ್ತದೆ. ಸಾಲುಗಳ ನಡುವಿನ ಅಂತರ ಸಾಮಾನ್ಯವಾಗಿ ಮೂವತ್ತು ಅಡಿ, ಅಂದರೆ 9 ಮೀಟರ್ ಇರುವುದರಿಂದ ಅಕ್ಕಪಕ್ಕದ ಮರಗಳು ಸಾಲವು. ಒಂದು ಮರ ಬಿಟ್ಟು ಇನ್ನೊಂದನ್ನು ಹಿಡಿದು, ತಂತಿಯ ತುದಿಗೆ ಇನ್ಸುಲೇಟರ್, ಅಲ್ಲಿಂದ ಮರಕ್ಕೆ ನೈಲಾನ್ ಹಗ್ಗ ಕಟ್ಟಿ. ತಿಪಟೂರು ಟಾಲ್ ತಳಿಯ ಹಳೆಯ ಮರಗಳು 15 ಮೀಟರನ್ನು ಸಲೀಸಾಗಿ ದಾಟಿರುತ್ತವೆ. ಒಂದು ಕಡೆಯ ಹಗ್ಗವನ್ನು ರಾಟೆಯ ಮೇಲೆ ಹಾಯಿಸಿ ಕೆಳಗೆ ಮರಳಿನ ಡಬ್ಬ ತೂಗುಬಿಟ್ಟರೆ ಮರ ತೂಗಾಡಿದಾಗ ತಂತಿ ಹರಿಯುವುದಿಲ್ಲ, ಗರಿ ಬಡಿಯದಷ್ಟು ತಗ್ಗಿಸಿಕೊಳ್ಳಲೂ ಅನುಕೂಲ. ಈ ಎರಡು ತಂತಿಯ ಯಾಗಿಯ ಗೇನ್ ಸುಮಾರು 6.5 ಡಿಬಿಐ. 15 ಮೀಟರ್ ಎತ್ತರದ 3.9 ಡೆಸಿಬೆಲ್ ಲಾಭವನ್ನು ಸೇರಿಸಿದರೆ 10.4. ನಿಮ್ಮ ತಾರಸಿಯ ಐದು ಎಲಿಮೆಂಟಿನದು, ಅದೇ 10 ಡಿಗ್ರಿ ಕೋನದಲ್ಲಿ, ಅದೇ ಅಳತೆಗೋಲಿನಿಂದ, 10. ಹಿಂದಿನ ದಿಕ್ಕಿನ ಸದ್ದನ್ನು ತಡೆಯುವುದರಲ್ಲಿ ಮಾತ್ರ ತಂತಿಯದು ಕಡಿಮೆ: 10ರಿಂದ 12 ಡೆಸಿಬೆಲ್ ಸಿಕ್ಕೀತು, ಮೂರು ಎಲಿಮೆಂಟಿನ ಯಾಗಿಯಲ್ಲಿ 20 ದಾಟಿಸಬಹುದು.

ದಿಕ್ಕು ಬದಲಿಸಲು ಏನನ್ನೂ ತಿರುಗಿಸಲೇಬೇಕೆಂದಿಲ್ಲ ಎಂಬುದಕ್ಕೆ ದೊಡ್ಡ ನಿದರ್ಶನ ನಿಮಗೆ ದೂರದಲ್ಲೇನೂ ಇಲ್ಲ. ಮಧುಗಿರಿ ದಾಟಿ ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರಿಗೆ ಹೋದರೆ ಅಲ್ಲಿರುವ ರೇಡಿಯೊ ವೀಕ್ಷಣಾಲಯದಲ್ಲಿ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಜೊತೆಗೂಡಿ 34.5 ಮೆಗಾಹರ್ಟ್ಸ್‌ನ ದೂರದರ್ಶಕವೊಂದನ್ನು ಕಟ್ಟಿದ್ದವು: ಟಿ ಆಕಾರದಲ್ಲಿ ಪೂರ್ವ-ಪಶ್ಚಿಮಕ್ಕೆ 1.4 ಕಿಲೋಮೀಟರ್, ದಕ್ಷಿಣಕ್ಕೆ 450 ಮೀಟರ್ ಹಬ್ಬಿದ 1,000 ಡೈಪೋಲ್‌ಗಳು. ಅವುಗಳಲ್ಲಿ ಯಾವುದೂ ತಿರುಗುವಂಥದ್ದಲ್ಲ. ಅವುಗಳ ಸಂಕೇತಗಳ ಫೇಸ್ (ಅಲೆಯ ಏರಿಳಿತದ ಹೊತ್ತು) ಬದಲಿಸಿ ನೋಟವನ್ನು ಆಕಾಶದಲ್ಲಿ ಸರಿಸುತ್ತಿದ್ದರು. ನಿಮ್ಮ ಎರಡು ತಂತಿಗಳಲ್ಲೂ ಇದರ ಸಣ್ಣ ರೂಪ ಸಾಧ್ಯ. ಎರಡನ್ನೂ ಒಂದೇ ಉದ್ದಕ್ಕೆ ಕತ್ತರಿಸಿ, ಎರಡಕ್ಕೂ ಸಮಾನ ಉದ್ದದ ಕೇಬಲ್ ಇಳಿಸಿ, ಚಾಲನೆಯಿಲ್ಲದ ತಂತಿಯ ನಡುವೆ ಸಣ್ಣ ಕಾಯಿಲ್‌ನ ಪರಿಣಾಮ ಬರುವಂತೆ ರಿಲೇ (ವಿದ್ಯುತ್ತಿನಿಂದ ಬದಲಾಗುವ ಸ್ವಿಚ್ಚು) ಜೋಡಿಸಿದರೆ ಅದು ರಿಫ್ಲೆಕ್ಟರ್ ಆಗುತ್ತದೆ. ರಿಲೇ ಅದಲುಬದಲಾದೊಡನೆ ಕಿರಣ 150 ಡಿಗ್ರಿಯ ದಿಕ್ಕಿಗೆ ಹೊರಳುತ್ತದೆ, ಸಿಡ್ನಿಯೂ ಅದರೊಳಗೆ ಬರುತ್ತದೆ.

ಯಾಗಿಯನ್ನೇ ಕಟ್ಟುವುದಾದರೆ ಅಲ್ಯೂಮಿನಿಯಂನ ಆಯ್ಕೆಯಲ್ಲಿ ಅವಸರ ಬೇಡ. ಕಿಟಕಿ ಚೌಕಟ್ಟಿಗೆಂದು ಮಾರುವ ಪೈಪು ಮೆದು. ವ್ಯಾಪಾರಿಗಳು ಎಚ್‌ಇ-9 ಎನ್ನುವುದು 6063 ಮಿಶ್ರಲೋಹ. ಎಚ್‌ಇ-20 ಎಂದರೆ 6061, ಎಚ್‌ಇ-30 ಎಂದರೆ 6082. ಯಾವುದೇ ಆದರೂ ಟಿ-6 ಹದದ್ದೇ (ಕಾಯಿಸಿ ಗಟ್ಟಿಗೊಳಿಸಿದ್ದು) ಇರಬೇಕು. ಎಲಿಮೆಂಟುಗಳಿಗೆ 6063 ಸಾಕಾಗುತ್ತದೆ, ಬೂಮಿಗೆ ಮಾತ್ರ ಉಳಿದೆರಡರಲ್ಲಿ ಒಂದನ್ನು ಹುಡುಕಿ. ಎಲಿಮೆಂಟನ್ನು ನಡುವೆ ದಪ್ಪ, ತುದಿಗೆ ಸಣ್ಣ ಆಗುವಂತೆ ಒಂದರೊಳಗೊಂದು ಪೈಪು ತೂರಿಸಿ ಮಾಡುವುದು ಪದ್ಧತಿ. ತೊಡಕು ಇರುವುದೇ ಇಲ್ಲಿ. 25 ಮಿಲಿಮೀಟರ್ ಹೊರವ್ಯಾಸದ ಪೈಪಿನ ಗೋಡೆ 1.5 ಮಿಲಿಮೀಟರ್ ಇದ್ದರೆ ಒಳಗಿನ ತೂತು ಸರಿಯಾಗಿ 22. ಅದರೊಳಗೆ 22ರ ಪೈಪು ಹೋಗುವುದೇ ಇಲ್ಲ. ಗೋಡೆ 1.2 ಆದರೆ 0.6 ಮಿಲಿಮೀಟರ್ ಸಡಿಲ ಉಳಿದು ಗಾಳಿಗೆ ಕಟಕಟ ಎನ್ನುತ್ತದೆ. 1.4ರ ಗೋಡೆ ಸಿಕ್ಕರೆ ಕೈಯಿಂದಲೇ ಜಾರಿ ಕೂರುತ್ತದೆ. ಅಂಗಡಿಗೆ ಹೋಗುವಾಗ ವರ್ನಿಯರ್ ಕ್ಯಾಲಿಪರ್ ಒಯ್ಯಿರಿ, ಚೀಟಿಯಲ್ಲಿ ಬರೆದಿರುವ ಅಳತೆಯನ್ನು ನಂಬದೆ ಎರಡೂ ಪೈಪುಗಳನ್ನು ಅಲ್ಲೇ ತೂರಿಸಿ ನೋಡಿ. ಹೊರಗಿನ ಪೈಪಿನ ಬಾಯಿಗೆ ಗರಗಸದಿಂದ ಎದುರುಬದುರು ಎರಡು ಸೀಳು ಹಾಕಿ, ಒಳಪೈಪಿಗೆ ಸತುವಿನ ಪುಡಿ ಬೆರೆತ ಆಕ್ಸೈಡ್ ತಡೆಯುವ ಗ್ರೀಸ್ ತೆಳುವಾಗಿ ಸವರಿ, ಸ್ಟೇನ್‌ಲೆಸ್ ಹೋಸ್ ಕ್ಲಿಪ್ಪಿನಿಂದ ಬಿಗಿಯಿರಿ. ಉದ್ದ ಅಂತಿಮವಾದ ಮೇಲೆ ಒಂದು ರಿವೆಟ್ ಹೊಡೆದರಾಯಿತು. ತಾಮ್ರದ ತಂತಿಯನ್ನು ನೇರವಾಗಿ ಅಲ್ಯೂಮಿನಿಯಂಗೆ ತಾಗಿಸಬೇಡಿ. ಒಂದು ಮಳೆಗಾಲದಲ್ಲೇ ಬಿಳಿ ಪುಡಿ ಕಟ್ಟುತ್ತದೆ.

ಹೀಗೆ ದಪ್ಪ ಬದಲಾಗುವ ಎಲಿಮೆಂಟು, ಉದ್ದಕ್ಕೂ ಒಂದೇ ದಪ್ಪವಿರುವುದಕ್ಕಿಂತ ಉದ್ದವಾಗಿರಬೇಕಾಗುತ್ತದೆ. ಪುಸ್ತಕದ ಅಳತೆಯನ್ನು ಬೇರೆ ದಪ್ಪದ ಪೈಪಿಗೆ ಹಾಗೇ ಇಳಿಸಿಕೊಂಡವರ ಆಂಟೆನಾಗಳು ಬ್ಯಾಂಡಿನಿಂದ ಆಚೆ ಶ್ರುತಿಗೊಳ್ಳುವುದು ಇದರಿಂದಲೇ. ರಿಫ್ಲೆಕ್ಟರ್ 10.9, ಕೇಬಲ್ ಸೇರುವ ಚಾಲಿತ ಎಲಿಮೆಂಟು 10.3, ಅದರ ಮುಂದಿನ ಡೈರೆಕ್ಟರ್ 9.8 ಮೀಟರ್ ಎಂಬುದು ಲೆಕ್ಕ ಶುರುಮಾಡಲು ಸಾಕಾದ ಅಂದಾಜು. ಅದಕ್ಕಿಂತ ಹೆಚ್ಚಿನ ಬೆಲೆ ಅದಕ್ಕಿಲ್ಲ. ನಿಮ್ಮ ಪೈಪುಗಳ ನಿಜವಾದ ವ್ಯಾಸ ಮತ್ತು ತುಂಡುಗಳ ಉದ್ದವನ್ನು ಎಂಎಂಎಎನ್ಎ-ಗ್ಯಾಲ್ ಅಥವಾ ಈಜಡ್‌ನೆಕ್ ತಂತ್ರಾಂಶಕ್ಕೆ ಕೊಟ್ಟು ಅಂತಿಮ ಅಳತೆ ಪಡೆಯಿರಿ. ಎರಡೂ ಉಚಿತವಾಗಿ ದೊರೆಯುತ್ತವೆ. ನೆಕ್-2 ಎಂಬ ಮೂಲ ಲೆಕ್ಕಯಂತ್ರ ದಪ್ಪ ಬದಲಾಗುವ ಪೈಪಿನಲ್ಲಿ ಎಡವುತ್ತದೆ, ಆದ್ದರಿಂದ ಅದನ್ನು ಬಳಸುವ ತಂತ್ರಾಂಶದಲ್ಲಿ ಆ ತಿದ್ದುಪಡಿ ಚಾಲೂ ಇದೆಯೇ ಎಂದು ನೋಡಿಕೊಳ್ಳಿ. ಡೈರೆಕ್ಟರಿನಲ್ಲಿ ಹತ್ತು ಸೆಂಟಿಮೀಟರ್ ತಪ್ಪಿದರೂ ಹಿಂದು-ಮುಂದಿನ ವ್ಯತ್ಯಾಸ ಕೆಡುತ್ತದೆ. ಎಸ್‌ಡಬ್ಲ್ಯುಆರ್ (ಕೇಬಲಿನಲ್ಲಿ ಹಿಂದಿರುಗುವ ಶಕ್ತಿಯನ್ನು ಸೂಚಿಸುವ ಅಳತೆ) ಚೆನ್ನಾಗಿ ಬಂದಿತೆಂದ ಮಾತ್ರಕ್ಕೆ ಆಂಟೆನಾ ಸರಿಯಾದ ಕಡೆಗೆ ಸೂಸುತ್ತಿದೆ ಎಂದರ್ಥವಲ್ಲ; ಕೆಲವು ಕಿಲೋಮೀಟರ್ ದೂರದ ಸ್ನೇಹಿತರೊಬ್ಬರಿಂದ ಸಣ್ಣ ಸಂಕೇತ ಕಳಿಸಲು ಹೇಳಿ, ಎದುರು ಮತ್ತು ಬೆನ್ನು ತಿರುಗಿಸಿ ಅಳೆದಾಗಲೇ ಅದು ಖಚಿತವಾಗುವುದು.

ನಮ್ಮ ಭಾಗಕ್ಕೆ ಇನ್ನೊಂದು ಎಚ್ಚರಿಕೆ ಸೇರಿಸಬೇಕು. ಭರಣಿ ಮಳೆಯ ಹೊತ್ತಿನ ಬಿರುಗಾಳಿಗೆ ಎಲ್ಲರೂ ಹೆದರುತ್ತಾರೆ, ಆದರೆ ಎಲಿಮೆಂಟುಗಳನ್ನು ಮುರಿಯುವುದರಲ್ಲಿ ಆಷಾಢದ ಎಡೆಬಿಡದ ಮೆಲುಗಾಳಿಯೂ ಕಡಿಮೆಯದಲ್ಲ. ಸೆಕೆಂಡಿಗೆ 4 ಮೀಟರ್ ವೇಗದ ಗಾಳಿ 12 ಮಿಲಿಮೀಟರ್ ಪೈಪನ್ನು ದಾಟುವಾಗ ಅದರ ಹಿಂದೆ ಸೆಕೆಂಡಿಗೆ ಸುಮಾರು 67ರಂತೆ ಸುಳಿಗಳು ಕಳಚಿಕೊಳ್ಳುತ್ತವೆ. ಈ ಸಂಖ್ಯೆ ಪೈಪಿನ ಸಹಜ ಕಂಪನಗಳಲ್ಲೊಂದಕ್ಕೆ ಹೊಂದಿಕೊಂಡರೆ ಎಲಿಮೆಂಟು ದಿನಗಟ್ಟಲೆ ಗುಂಯ್‌ಗುಟ್ಟುತ್ತಾ, ಕೊನೆಗೆ ಸೀಳು ಹಾಕಿದ ಕೀಲಿನ ಬಳಿಯೇ ಬಿರುಕು ಬಿಡುತ್ತದೆ. ಪರಿಹಾರ ಅಗ್ಗದ್ದು: ಪ್ರತಿ ಎಲಿಮೆಂಟಿನೊಳಗೂ ಪ್ಲಾಸ್ಟಿಕ್ ಹಗ್ಗವೊಂದನ್ನು ಸಡಿಲವಾಗಿ ಹಾಯಿಸಿ, ತುದಿಗಳಿಗೆ ಮುಚ್ಚಳ ಹಾಕಿ. ಹಗ್ಗ ಒಳಗೆ ಉಜ್ಜಿಕೊಂಡು ಕಂಪನವನ್ನು ನುಂಗುತ್ತದೆ. ಎಲಿಮೆಂಟಿನ ಕೆಳಮೈಯಲ್ಲಿ ನೀರಿಳಿಯಲು ಸಣ್ಣ ತೂತು ಬಿಡಿ.

ಮೂರು ಎಲಿಮೆಂಟಿನ ಯಾಗಿಯ ಚಾಲಿತ ಎಲಿಮೆಂಟಿನ ನಡುವೆ ಸಿಗುವ ರೋಧ 25 ಓಮ್‌ನ ಆಸುಪಾಸು. ಕೇಬಲ್ 50 ಓಮ್‌ನದು. ಇವೆರಡನ್ನು ಹೊಂದಿಸಲು ನನ್ನ ಒಲವು ಹೇರ್‌ಪಿನ್ (ಯು ಆಕಾರದ ಸರಳಿನ) ಜೋಡಣೆಯ ಕಡೆಗೆ, ಏಕೆಂದರೆ ಗಾಮಾ ಎಂಬ ಇನ್ನೊಂದು ಜೋಡಣೆಯ ಕಂಡೆನ್ಸರಿಗೆ ನೀರು ಹೋಗುವ ಕಾಟ ಇದರಲ್ಲಿಲ್ಲ. ಚಾಲಿತ ಎಲಿಮೆಂಟನ್ನು ಬೂಮಿನಿಂದ ಇನ್ಸುಲೇಟ್ ಮಾಡಿ ನಡುವೆ ಬೇರ್ಪಡಿಸಿ, ತುಸು ಗಿಡ್ಡ ಮಾಡಿ, 25 ಓಮ್‌ನಷ್ಟು ಕೆಪಾಸಿಟಿವ್ (ಕಂಡೆನ್ಸರಿನ ಗುಣದ್ದು) ಆಗುವಂತೆ ಇರಿಸಿ. ನಂತರ ಎರಡು ಭಾಗಗಳ ನಡುವೆ 50 ಓಮ್ ಇಂಡಕ್ಟಿವ್ ರಿಯಾಕ್ಟನ್ಸ್ (ಕಾಯಿಲ್‌ನ ಗುಣದ ತಡೆ) ಇರುವ ಹೇರ್‌ಪಿನ್ ಹಾಕಿ: 5 ಮಿಲಿಮೀಟರ್ ದಪ್ಪದ ಎರಡು ಸರಳುಗಳು 10 ಸೆಂಟಿಮೀಟರ್ ಅಂತರದಲ್ಲಿ ಓಡಿ, 38 ಸೆಂಟಿಮೀಟರಿನ ಬಳಿ ಅಡ್ಡಪಟ್ಟಿಯಿಂದ ಕೂಡಿಕೊಂಡರೆ ಅಷ್ಟಾಗುತ್ತದೆ. ಅಡ್ಡಪಟ್ಟಿಯನ್ನು ಹಿಂದೆಮುಂದೆ ಸರಿಸಿ ಎಸ್‌ಡಬ್ಲ್ಯುಆರ್ ತಗ್ಗಿಸಬಹುದು. ಕೇಬಲ್ ತಲುಪುವ ಜಾಗದಲ್ಲಿ ಫೆರೈಟ್ ರಿಂಗಿನ ಮೇಲೆ ಸುತ್ತಿದ ಚೋಕ್ ಬಾಲನ್ ಇಲ್ಲದಿದ್ದರೆ ಕೇಬಲಿನ ಹೊರಮೈಯೇ ಆಂಟೆನಾ ಆಗಿ, ಕಷ್ಟಪಟ್ಟು ಪಡೆದ ದಿಕ್ಕು ಹಾಳಾಗುತ್ತದೆ. 30 ಮೀಟರ್ ಓಟಕ್ಕೆ ತೆಳುವಾದ ಆರ್‌ಜಿ-58 ಕೇಬಲ್ ಹಾಕಿದರೆ ಸುಮಾರು ಒಂದೂವರೆ ಡೆಸಿಬೆಲ್ ನಷ್ಟ, ದಪ್ಪದ ಆರ್‌ಜಿ-213ರಲ್ಲಿ ಅದರ ಅರ್ಧ.

18 ಮೀಟರ್ ಲ್ಯಾಟಿಸ್ (ಜಾಲರಿ ಚೌಕಟ್ಟಿನ) ಕಂಬಕ್ಕೆ ಮೂರು ದಿಕ್ಕಿನಲ್ಲಿ, ಎರಡು ಮಟ್ಟಗಳಲ್ಲಿ ಗೈ ತಂತಿ ಬೇಕು. ಲಂಗರುಗಳು ಬುಡದಿಂದ 11ರಿಂದ 14 ಮೀಟರ್ ದೂರದಲ್ಲಿರಲಿ. ಕೈಗೆಟಕುತ್ತದೆಂದು ಗೈ ತಂತಿಯನ್ನು ತೆಂಗಿನ ಮರಕ್ಕೆ ಕಟ್ಟಬೇಡಿ: ಗಾಳಿಗೆ ಮರ ತೂಗಿದಂತೆ ಕಂಬವನ್ನೂ ಜಗ್ಗುತ್ತದೆ. ತಂತಿಯನ್ನು 7 ಮೀಟರಿಗೊಂದರಂತೆ ಮೊಟ್ಟೆಯಾಕಾರದ ಇನ್ಸುಲೇಟರಿನಿಂದ ತುಂಡರಿಸಿ, ಏಕೆಂದರೆ 10 ಮೀಟರಿನ ಹತ್ತಿರದ ತುಂಡು 20 ಮೀಟರ್ ಬ್ಯಾಂಡಿನಲ್ಲಿ ತಾನೂ ಒಂದು ಎಲಿಮೆಂಟಿನಂತೆ ವರ್ತಿಸುತ್ತದೆ. ತಂತಿ ಮಡಚಿದ ಕಡೆ ಮೂರು ಮೂರು ಕ್ಲಿಪ್ ಹಾಕುವಾಗ ಕ್ಲಿಪ್ಪಿನ ತಡಿ (ತಂತಿ ಕೂರಲು ತೋಡಿರುವ ದಪ್ಪ ಭಾಗ) ಭಾರ ಹೊರುವ ತಂತಿಯ ಮೇಲೂ ಯು ಬೋಲ್ಟು ಮಡಚಿದ ತುದಿಯ ಮೇಲೂ ಕೂರಬೇಕು; ತಿರುವುಮುರುವಾದರೆ ಬೋಲ್ಟೇ ತಂತಿಯನ್ನು ಕತ್ತರಿಸುತ್ತದೆ. ಈ ಕಂಬದ ಮೇಲೆ ತಿರುಗಿಸುವ ಮೋಟಾರು ಹಾಕಬೇಕೆನಿಸಿದರೆ ವರ್ಮ್ ಗೇರಿನದನ್ನೇ ಆರಿಸಿ, ಗಾಳಿ ತಳ್ಳಿದರೆ ಅದು ಹಿಂದಕ್ಕೆ ತಿರುಗುವುದಿಲ್ಲ. ಮಿಂಚಿಗೆ ಕಂಬದ ಕಾಲುಗಳ ಬಳಿ 3 ಮೀಟರಿನ ಮೂರು ಅರ್ಥಿಂಗ್ ಸರಳುಗಳನ್ನು ಅಷ್ಟೇ ಅಂತರದಲ್ಲಿ ಇಳಿಸಿ, ಪಂಪ್‌ಹೌಸಿನ ಅರ್ಥಿಂಗ್‌ಗೂ ಅವನ್ನು ಕೂಡಿಸಿ. ಬಂಡೆ ಅಡ್ಡ ಬಂದರೆ ಸರಳಿನ ಬದಲು ತಾಮ್ರದ ಪಟ್ಟಿಯನ್ನು ಕಂದಕದಲ್ಲಿ ಉದ್ದಕ್ಕೆ ಹೂಳಬೇಕಾದೀತು. ತೋಟದಿಂದ ಹೊರಡುವ ಮುನ್ನ ಕೇಬಲನ್ನು ರೇಡಿಯೊದಿಂದ ಬಿಚ್ಚಿ ಹೊರಗಿಡುವುದು ರೂಢಿಯಾಗಲಿ. ಲೈಸೆನ್ಸಿನಲ್ಲಿರುವ ನಿಲ್ದಾಣದ ವಿಳಾಸ ಮನೆಯದಾಗಿದ್ದರೆ, ತೋಟದಿಂದ ಪ್ರಸಾರ ಮಾಡುವ ಮೊದಲು ಅದನ್ನು ಸರಿಪಡಿಸಿಕೊಳ್ಳಿ.

ಜಾಗ ಗುರುತಿಸುವ ದಿನ ಮೊದಲು ನೋಡಬೇಕಾದದ್ದು ಪಂಪ್‌ಸೆಟ್ಟಿಗೆ ಬರುವ ಬೆಸ್ಕಾಂ ತಂತಿಗಳನ್ನು. ಕಂಬ ಯಾವ ಕಡೆಗೆ ಉರುಳಿದರೂ ಅವುಗಳಿಗೆ ತಾಗಬಾರದು. ಎತ್ತರದ ಒಂದೂವರೆ ಪಟ್ಟು, ಅಂದರೆ 27 ಮೀಟರ್ ದೂರ ಇರಬೇಕೆಂಬುದು ನಾನು ಪಾಲಿಸುವ ಲೆಕ್ಕ. ಏರಿಸುವಾಗ ಕೈತಪ್ಪುವ ಐದು ಮೀಟರಿನ ಅರ್ಧ ಎಲಿಮೆಂಟೂ ಇದರೊಳಗೇ ಬರುತ್ತದೆ. ಅಷ್ಟು ತೆರಪು ತೋಟದಲ್ಲಿ ಸಿಗದಿದ್ದರೆ ಕಂಬದ ಯೋಚನೆ ಬಿಟ್ಟು ಎರಡು ತಂತಿಗಳಲ್ಲೇ ಇರಿ. ಆ ತಂತಿಗಳೂ ವಿದ್ಯುತ್ ತಂತಿಯ ಮೇಲಾಗಲಿ ಕೆಳಗಾಗಲಿ ಹಾಯಬಾರದು, ಮತ್ತು ಹಗ್ಗ ಹರಿದರೆ ತುದಿ ಎಲ್ಲಿ ಹೋಗಿ ಬೀಳುತ್ತದೆ ಎಂಬುದನ್ನು ಅಳೆದು ನೋಡಿದ ಮೇಲೆಯೇ ಮರವನ್ನು ಆರಿಸಿ.